ಗೇಮ್ ಸಬ್‌ಸ್ಕ್ರಿಪ್ಷನ್ ಮತ್ತು 'ದುಡ್ಡು ವಸೂಲ್' ಒತ್ತಡ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟಿ ಗೇಮ್ ಆಡುವವರಿಗಾಗಿ ಇದನ್ನು ಬರೆದಿದ್ದೇನೆ. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಇರಲಿ, ಪ್ಲೇಸ್ಟೇಷನ್‌ನ ಪಿಎಸ್ ಪ್ಲಸ್ ಇರಲಿ, ಫೋನಿನ ಪ್ಲೇ ಪಾಸ್ ಇರಲಿ, ಕಟ್ಟಿದಷ್ಟು ದಿನ ಒಂದು ಪಟ್ಟಿಯ ಗೇಮ್‌ಗಳನ್ನು ಆಡಬಹುದು. ಆದರೆ ಕಟ್ಟಿದ ಮೇಲೆ ಒಂದು ವಿಚಿತ್ರ ಒತ್ತಡ ಶುರುವಾಗುತ್ತದೆ. ಇವತ್ತು ಏನು ಆಡಬೇಕು ಅನ್ನುವುದನ್ನು ನಮ್ಮ ಮನಸ್ಸಿನ ಬದಲು ಬ್ಯಾಂಕಿನ ಮೆಸೇಜ್ ತೀರ್ಮಾನ ಮಾಡುತ್ತದೆ. ಗೆಳೆಯರು, ತಮ್ಮ ತಂಗಿಯರ ವಯಸ್ಸಿನವರು, ಮಕ್ಕಳ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಸಬ್‌ಸ್ಕ್ರಿಪ್ಷನ್ ಇರುವಾಗ ಬೇರೆ ಗೇಮ್ ಆಡಿದರೆ ದುಡ್ಡು ದಂಡ ಅನಿಸುತ್ತದೆ. ನನಗೆ ಮಾತ್ರ ಹೀಗಾ?

ಖಂಡಿತ ಇಲ್ಲ. ತುಂಬಾ ಜನಕ್ಕೆ ಹೀಗೇ ಆಗುತ್ತದೆ.

ಒಂದು ಸಾಮಾನ್ಯ ರಾತ್ರಿ ನೋಡಿ. ಕೆಲಸ ಮುಗಿಸಿ, ಊಟ ಮಾಡಿ, ಒಂಬತ್ತೂವರೆಗೆ ಕೂರುತ್ತೀರಿ. ಮನಸ್ಸಿನಲ್ಲಿ ಇರುವುದು ಸ್ಟಾರ್‌ಡ್ಯೂ ವ್ಯಾಲಿ. ಯಾವಾಗಲೋ ಸೇಲ್‌ನಲ್ಲಿ ಕೊಂಡಿದ್ದು, ಅಲ್ಲಿ ನಿಮ್ಮ ಹೊಲದಲ್ಲಿ ಬೆಳೆ ಕೊಯ್ಲಿಗೆ ಬಂದಿದೆ. ಆದರೆ ಕೈ ಹೋಗುವುದು ಗೇಮ್ ಪಾಸ್ ಕಡೆಗೆ, ಯಾಕೆಂದರೆ ಅದಕ್ಕೆ ಈ ತಿಂಗಳೂ ಕಟ್ಟಿದ್ದೀರಿ. ಪಟ್ಟಿಯನ್ನು ಕೆಳಗೆ ಎಳೆಯುತ್ತೀರಿ, ಒಂದರ ಟ್ರೇಲರ್ ನೋಡುತ್ತೀರಿ, ಇನ್ನೊಂದನ್ನು ಡೌನ್‌ಲೋಡ್‌ಗೆ ಹಾಕುತ್ತೀರಿ, ಮತ್ತೊಂದರ ಟ್ಯುಟೋರಿಯಲ್ ಅರ್ಧ ಮುಗಿಸುತ್ತೀರಿ, ಅಷ್ಟರಲ್ಲಿ ಹನ್ನೊಂದು ಗಂಟೆ. ಆಡಿದ್ದು ಏನೂ ಇಲ್ಲ. ಸ್ಟಾರ್‌ಡ್ಯೂ ಬೆಳೆ ಹಾಗೇ ನಿಂತಿದೆ.

ಇಲ್ಲಿ ಗಮನಿಸಬೇಕಾದ್ದು ಇಷ್ಟು: ಈ ತಿಂಗಳ ದುಡ್ಡು ಆಗಲೇ ಹೋಗಿದೆ. ನೀವು ಅದರಲ್ಲಿ ನಲವತ್ತು ಗಂಟೆ ಆಡಿದರೂ ಹೋಗಿದೆ, ಒಂದು ಗಂಟೆಯೂ ಆಡದಿದ್ದರೂ ಹೋಗಿದೆ. ಇನ್ನೂ ಖರ್ಚಾಗದೆ ಉಳಿದಿರುವುದು ಇವತ್ತಿನ ಎರಡು ಗಂಟೆ. ಇಷ್ಟ ಇಲ್ಲದ ಗೇಮ್‌ಗೆ ಆ ಎರಡು ಗಂಟೆಯನ್ನೂ ಕೊಟ್ಟರೆ ನಷ್ಟ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ.

ಹಾಗಾದರೆ ಕೊಟ್ಟ ದುಡ್ಡು ವಸೂಲ್ ಮಾಡಬೇಕು ಅಂತ ಯೋಚಿಸುವುದೇ ತಪ್ಪಾ?

ತಪ್ಪಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಒಂದು ರೂಪಾಯಿಗೂ ಲೆಕ್ಕ ಇದೆ, ಆ ಅಭ್ಯಾಸ ಒಳ್ಳೆಯದೇ. ಆದರೆ ಆ ಲೆಕ್ಕವನ್ನು ಕಟ್ಟುವ ಮುಂಚೆ ಹಾಕಬೇಕು. ಕಟ್ಟಿ ಆದಮೇಲೆ ಹಾಕಿದರೆ ಅದು ಬರೀ ಕಾಟ ಕೊಡುತ್ತದೆ.

ಎರಡು ಸಾವಿರದ ಆರರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್‌ಗಳ ಲೆಕ್ಕ ತೆಗೆದು ಪ್ರಕಟಿಸಿದರು. ಹತ್ತು ಸಲದ ಪಾಸ್ ತಗೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಬೀಳುತ್ತಿತ್ತು. ತಿಂಗಳ ಸದಸ್ಯತ್ವ ತಗೊಂಡವರು ಹೋಗಿದ್ದೇ ಅಷ್ಟು ಕಡಿಮೆ, ಅವರಿಗೆ ಒಂದು ಸಲಕ್ಕೆ 17 ಡಾಲರ್‌ಗಿಂತ ಜಾಸ್ತಿ ಬಿತ್ತು. ಸೇರುವಾಗ ಅವರು ಆಮೇಲೆ ನಿಜವಾಗಿ ಹೋದದ್ದಕ್ಕಿಂತ ಜಾಸ್ತಿ ಸಲ ಹೋಗುತ್ತೇವೆ ಅಂದುಕೊಂಡಿದ್ದರು. ಗೇಮ್ ಸಬ್‌ಸ್ಕ್ರಿಪ್ಷನ್ ತಗೊಳ್ಳುವಾಗ ನಾವೂ ಬಿಡುವಿರುವ ವಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಗೊಳ್ಳುತ್ತೇವೆ. ಆಡುವುದು ಮಾತ್ರ ಪರೀಕ್ಷೆ, ಮದುವೆ ಮನೆ, ಆಫೀಸಿನ ಡೆಡ್‌ಲೈನ್ ಎಲ್ಲ ಇರುವ ವಾರದಲ್ಲಿ.

ಆದ್ದರಿಂದ ಕಟ್ಟುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ತಿಂಗಳು ನಾನು ಆಡಲೇಬೇಕು ಅಂತ ಇರುವ ಗೇಮ್ ಇದರಲ್ಲಿ ಯಾವುದು? ಹೆಸರು ಹೇಳಲು ಬಂದರೆ ಕಟ್ಟಿ. "ಏನಾದರೂ ಸಿಗುತ್ತದೆ ಬಿಡು" ಅನ್ನುವುದು ಉತ್ತರವಾದರೆ ಈ ತಿಂಗಳು ಬೇಡ.

ಒತ್ತಡ ಈಗ ಜಾಸ್ತಿ ಆಗಿದೆ ಅನಿಸುತ್ತದೆ. ನಿಜವಾಗಿ ದರ ಏರಿದೆಯಾ, ಅಥವಾ ನನಗೆ ಹಾಗನಿಸುತ್ತಾ?

ದರ ಏರಿದೆ. ಎಕ್ಸ್‌ಬಾಕ್ಸ್ ಗೇಮ್ ಪಾಸ್ 2017ರ ಜೂನ್‌ನಲ್ಲಿ ಶುರುವಾಯಿತು. 2019ರಲ್ಲಿ ಅದರ ದುಬಾರಿ ಹಂತ ಅಲ್ಟಿಮೇಟ್ ಬಂದಾಗ ಅಮೆರಿಕದಲ್ಲಿ ತಿಂಗಳಿಗೆ 14.99 ಡಾಲರ್. 2023ರಲ್ಲಿ 16.99, 2024ರಲ್ಲಿ 19.99, 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 29.99. ನಮ್ಮಲ್ಲಿ ಆಗ ಹೊಸಬರಿಗೆ 829 ರೂಪಾಯಿ ಇದ್ದದ್ದು 1,389 ಆಯಿತು. ಪಿಎಸ್ ಪ್ಲಸ್ 2022ರ ಜೂನ್‌ನಲ್ಲಿ ಮೂರು ಹಂತವಾಗಿ ಒಡೆಯಿತು. ನಮ್ಮ ದೇಶದಲ್ಲಿ ಎಸೆನ್ಷಿಯಲ್, ಎಕ್ಸ್‌ಟ್ರಾ, ಡಿಲಕ್ಸ್. ಎಸೆನ್ಷಿಯಲ್‌ಗೆ ವರ್ಷಕ್ಕೆ 2,999 ಇದ್ದದ್ದು 2023ರ ಸೆಪ್ಟೆಂಬರ್‌ನಲ್ಲಿ 3,949 ಆಯಿತು. ಇವತ್ತಿನ ದರ ಬೇರೆ ಇರಬಹುದು, ಕಟ್ಟುವ ಮುಂಚೆ ಸ್ಟೋರ್‌ನಲ್ಲೇ ನೋಡಿಕೊಳ್ಳಿ.

ದರ ಕಡಿಮೆ ಇದ್ದಾಗ ಆಡದೇ ಬಿಟ್ಟರೂ ಚಿಂತೆ ಇರಲಿಲ್ಲ. 1,389 ಅಂದರೆ ಹಾಗಲ್ಲ. ಎಷ್ಟೋ ಹುಡುಗರಿಗೆ ಅದು ಪಿಜಿಯ ಕರೆಂಟು ಬಿಲ್ಲು, ಬಸ್ ಪಾಸು ಎಲ್ಲ ಸೇರಿದ ದುಡ್ಡು. ಅಷ್ಟು ಕೊಟ್ಟ ಮೇಲೆ ಬೇರೆ ಗೇಮ್ ತೆಗೆಯಲು ಮನಸ್ಸು ಹಿಂಜರಿಯುತ್ತದೆ, ಅದು ಸಹಜವೇ.

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿ. 1,389ನ್ನು ಹನ್ನೆರಡು ತಿಂಗಳು ಕಟ್ಟಿದರೆ 16,668 ರೂಪಾಯಿ. ಪಿಎಸ್5ರ ದೊಡ್ಡ ಗೇಮ್ ಹೊಸದಾಗಿ ಬಂದಾಗ ಸಾಮಾನ್ಯವಾಗಿ 4,999. ಅಂದರೆ ವರ್ಷದ ಚಂದಾದಲ್ಲಿ ಅಂಥ ಮೂರು ಗೇಮ್ ಬಂದು, ಮೇಲೆ ಸಾವಿರದ ಆರುನೂರರಷ್ಟು ಉಳಿಯುತ್ತದೆ. ವರ್ಷಕ್ಕೆ ಹತ್ತು ಹದಿನೈದು ಗೇಮ್ ಮುಗಿಸುವವರಿಗೆ ಚಂದಾ ಈಗಲೂ ಲಾಭವೇ. ವರ್ಷಕ್ಕೆ ಎರಡೋ ಮೂರೋ ಮುಗಿಸುವವರು ಕೊಂಡುಕೊಳ್ಳುವುದೇ ವಾಸಿ. ನೀವು ಯಾವ ಗುಂಪು ಅಂತ ತಿಳಿಯಲು ಕಳೆದ ವರ್ಷ ಏನೇನು ಮುಗಿಸಿದಿರಿ ಅಂತ ಟ್ರೋಫಿ ಅಥವಾ ಅಚೀವ್‌ಮೆಂಟ್ ಪಟ್ಟಿ ತೆಗೆದು ನೋಡಿ ಸಾಕು.

"ಸದ್ಯದಲ್ಲೇ ಹೋಗಲಿವೆ" ಅನ್ನುವ ಪಟ್ಟಿ ನೋಡಿದ ಕೂಡಲೇ ಗಾಬರಿಯಾಗಿ ಆ ಗೇಮನ್ನೇ ಶುರು ಮಾಡುತ್ತೇನೆ. ಏನು ಮಾಡಲಿ?

ಈ ಪಟ್ಟಿ ಎಷ್ಟು ಜನರ ವಾರಾಂತ್ಯ ತಿಂದಿದೆಯೋ. ಗೇಮ್ ಪಾಸ್‌ನಲ್ಲಿ ಸಾಮಾನ್ಯವಾಗಿ ತಿಂಗಳ ಮಧ್ಯಕ್ಕೆ ಒಂದಷ್ಟು, ಕೊನೆಗೆ ಒಂದಷ್ಟು ಗೇಮ್ ಹೋಗುತ್ತವೆ. ಎರಡು ವರ್ಷ ಕಣ್ಣೆದುರೇ ಇದ್ದರೂ ಮುಟ್ಟದ ಗೇಮ್, ಹೋಗುತ್ತದೆ ಅಂದ ಕೂಡಲೇ ಬೇಕೇ ಬೇಕು ಅನಿಸುತ್ತದೆ. ಆಮೇಲೆ ಅರವತ್ತು ಗಂಟೆಯ ಆರ್‌ಪಿಜಿಯನ್ನು (ಪಾತ್ರ ಬೆಳೆಸುತ್ತಾ ಕಥೆ ಆಡುವ ಗೇಮ್) ಹತ್ತು ದಿನದಲ್ಲಿ ಮುಗಿಸಲು ಹೊರಟು, ಕಥೆಯ ಮಾತುಗಳನ್ನೆಲ್ಲ ಸ್ಕಿಪ್ ಒತ್ತಿ ಓಡಿಸುವುದು.

ಮೊದಲು ಗೇಮ್ ಎಷ್ಟು ಉದ್ದ ಅಂತ ನೋಡಿ. ಹೌ ಲಾಂಗ್ ಟು ಬೀಟ್ ಅನ್ನುವ ಸೈಟ್‌ನಲ್ಲಿ ಆಡಿದವರೇ ತಮಗೆ ಹಿಡಿದ ಸಮಯ ಹಾಕಿರುತ್ತಾರೆ. ಇನ್‌ಸೈಡ್ ಥರದ ಗೇಮ್ ಮೂರು ನಾಲ್ಕು ಗಂಟೆ, ಒಂದು ಭಾನುವಾರದಲ್ಲಿ ಮುಗಿಯುತ್ತದೆ, ಧಾರಾಳವಾಗಿ ಆಡಿ. ಪರ್ಸೋನಾ 5 ರಾಯಲ್ ಥರದ್ದು ನೂರು ಗಂಟೆ ಕೇಳುತ್ತದೆ. ಅದು ಹೋಗುವ ಹಿಂದಿನ ವಾರ ಶುರು ಮಾಡುವ ಗೇಮೇ ಅಲ್ಲ.

ಎರಡನೆಯದು, ಹೋದ ಗೇಮ್ ಪ್ರಪಂಚದಿಂದಲೇ ಹೋಗುವುದಿಲ್ಲ. ಅಂಗಡಿಯಲ್ಲಿ ಇರುತ್ತದೆ, ಸೇಲ್‌ಗೂ ಬರುತ್ತದೆ. ಗೇಮ್ ಪಾಸ್ ಪಟ್ಟಿಯಲ್ಲಿ ಇರುವಾಗಲೇ ಕೊಂಡರೆ ಸದಸ್ಯರಿಗೆ ರಿಯಾಯಿತಿಯೂ ಇರುತ್ತದೆ, ಅದೇ ಸ್ಟೋರ್‌ನಲ್ಲಿ ಕೊಂಡರೆ ನಿಮ್ಮ ಸೇವ್ (ಎಲ್ಲಿಯವರೆಗೆ ಆಡಿದ್ದೀರಿ ಅನ್ನುವ ದಾಖಲೆ) ಇರುವಲ್ಲಿಂದಲೇ ಮುಂದುವರಿಸಬಹುದು. ಎಷ್ಟೋ ಗೇಮ್ ವಾಪಸ್ ಬರುತ್ತವೆ. ಜಿಟಿಎ 5 ಗೇಮ್ ಪಾಸ್‌ಗೆ 2020ರಲ್ಲಿ ಬಂತು, ಹೋಯಿತು, 2021ರಲ್ಲಿ ಬಂತು, ಹೋಯಿತು, 2023ರಲ್ಲಿ ಬಂತು, 2024ರ ಆರಂಭದಲ್ಲಿ ಹೋಯಿತು, 2025ರಲ್ಲಿ ಮತ್ತೆ ಬಂತು.

ನಿಜವಾಗಿ ಗಾಬರಿಪಡಬೇಕಾದ್ದು ಅಂಗಡಿಯಿಂದಲೇ ತೆಗೆಯುವ ಗೇಮ್‌ಗಳಿಗೆ. ಫೋರ್ಜಾ ಹೊರೈಜನ್ 4 ಹಾಗೆ 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದಲೇ ಹೋಯಿತು. ಕಾರು ಮತ್ತು ಹಾಡುಗಳ ಲೈಸೆನ್ಸ್ ಮುಗಿಯುವುದರಿಂದ ರೇಸಿಂಗ್ ಗೇಮ್‌ಗಳಿಗೆ ಈ ಗತಿ ಬರುವುದು ಜಾಸ್ತಿ. ಕೊಂಡವರು ಈಗಲೂ ಆಡಬಹುದು, ಚಂದಾದಲ್ಲಿ ಮಾತ್ರ ಆಡುತ್ತಿದ್ದವರಿಗೆ ಆ ಬಾಗಿಲು ಮುಚ್ಚಿತು. ಅಂಥ ಸುದ್ದಿ ಹಲವು ಸಲ ತಿಂಗಳುಗಟ್ಟಲೆ ಮುಂಚೆ ಬರುತ್ತದೆ, ಆಗ ಸೇಲ್‌ನಲ್ಲಿ ಕೊಂಡಿಟ್ಟುಕೊಳ್ಳಿ.

ಪಿಎಸ್ ಪ್ಲಸ್‌ನಲ್ಲಿ ಪ್ರತಿ ತಿಂಗಳು ಗೇಮ್ ಸೇರಿಸಿಕೊಂಡಿದ್ದೇನೆ. ನಿಲ್ಲಿಸಿದರೆ ಎಲ್ಲ ಹೋಗುತ್ತದಲ್ಲ?

ನಿಲ್ಲಿಸಿದಾಗ ಬೀಗ ಬೀಳುತ್ತದೆ, ನಿಜ. ಆದರೆ ಮತ್ತೆ ಯಾವಾಗ ಕಟ್ಟಿದರೂ ಪ್ಲಸ್ ತಿಂಗಳು ತಿಂಗಳು ಕೊಟ್ಟ, ನೀವು ಸೇರಿಸಿಕೊಂಡಿದ್ದ ಗೇಮ್‌ಗಳು ಅಲ್ಲೇ ಸಿಗುತ್ತವೆ. ಎಕ್ಸ್‌ಟ್ರಾ ಮತ್ತು ಡಿಲಕ್ಸ್‌ನ ದೊಡ್ಡ ಕ್ಯಾಟಲಾಗ್ ಬೇರೆ, ಅದರಲ್ಲಿ ಗೇಮ್ ಬರುತ್ತಿರುತ್ತವೆ ಹೋಗುತ್ತಿರುತ್ತವೆ.

ಐದಾರು ವರ್ಷದಿಂದ ಕಟ್ಟುತ್ತಿರುವವರಿಗೆ ಇದೇ ದೊಡ್ಡ ಸರಪಳಿ. ಲೈಬ್ರರಿಯಲ್ಲಿ ನೂರಾರು ಗೇಮ್, ಆಡಿದ್ದು ಕೆಲವೇ, ಆದರೂ ಬಿಡಲು ಮನಸ್ಸಿಲ್ಲ. ನನ್ನ ಸಲಹೆ ನೇರವಾಗಿದೆ. ಆ ರಾಶಿಯಲ್ಲಿ ಮುಂದಿನ ಮೂರು ತಿಂಗಳಲ್ಲಿ ಆಡಲೇಬೇಕು ಅನ್ನುವ ಗೇಮ್ ಎರಡು ಇದ್ದರೆ ಮೂರು ತಿಂಗಳಿಗೆ ಕಟ್ಟಿ. ಇಲ್ಲದಿದ್ದರೆ ಬಿಡಿ. ಅವು ಕಾಯುತ್ತವೆ.

ಆನ್‌ಲೈನ್ ಆಡಲು ಹೇಗೂ ಕಟ್ಟಲೇಬೇಕಲ್ಲ?

ಕನ್ಸೋಲ್‌ನಲ್ಲಿ (ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಥರದ ಯಂತ್ರ) ದುಡ್ಡು ಕೊಟ್ಟು ಕೊಂಡ ಗೇಮ್‌ನ ಆನ್‌ಲೈನ್‌ಗೆ ಬಹುತೇಕ ಹೌದು. ಫೋರ್ಟ್‌ನೈಟ್, ಅಪೆಕ್ಸ್, ರಾಕೆಟ್ ಲೀಗ್ ಥರ ಉಚಿತ ಗೇಮ್‌ಗಳಿಗೆ ಬೇಡ. ಪ್ಲೇಸ್ಟೇಷನ್‌ನಲ್ಲಿ ಮೊದಲಿಂದಲೂ ಹೀಗೇ, ಎಕ್ಸ್‌ಬಾಕ್ಸ್‌ನಲ್ಲಿ 2021ರ ಏಪ್ರಿಲ್‌ನಿಂದ. ಪಿಸಿಯಲ್ಲಿ ಆನ್‌ಲೈನ್‌ಗೆ ಅಂತ ಪ್ರತ್ಯೇಕ ಶುಲ್ಕವೇ ಇಲ್ಲ. ಉಚಿತ ಗೇಮ್ ಮಾತ್ರ ಆಡುತ್ತಾ ಸುಮ್ನೆ ಪ್ಲಸ್ ಕಟ್ಟುತ್ತಿರುವವರು ತುಂಬಾ ಜನ ಇದ್ದಾರೆ, ನಿಮ್ಮದೂ ಅದೇ ಕಥೆಯಾ ಅಂತ ಒಮ್ಮೆ ನೋಡಿ.

ನಾನು ಆಡುವುದು ಒಂದೇ ಗೇಮ್, ಅದಕ್ಕೇ ತಿಂಗಳ ಶುಲ್ಕ. ಬೇರೆ ಯಾವುದೂ ಆಡಲು ಆಗುತ್ತಿಲ್ಲ.

ಇದು ನನಗೆ ಎಲ್ಲಕ್ಕಿಂತ ಬೇಸರ ತರಿಸುವ ಸಂಗತಿ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸಾವಿರಾರು ಜನ ಒಂದೇ ಲೋಕದಲ್ಲಿ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರ ನವೆಂಬರ್‌ನಲ್ಲಿ ಬಂತು. ಅಮೆರಿಕದಲ್ಲಿ ತಿಂಗಳಿಗೆ 14.99 ಡಾಲರ್, ವರ್ಷಕ್ಕೆ ಹತ್ತಿರ ಹತ್ತಿರ 180 ಡಾಲರ್. ಅಷ್ಟು ಕೊಡುವವರು ಸಂಜೆ ಬೇರೆ ಗೇಮ್ ತೆಗೆದರೆ ಮೀಟರ್ ಓಡುತ್ತಿದೆ ಅನಿಸದೆ ಇರುತ್ತದಾ? ಅಲ್ಲಿ ಗಿಲ್ಡ್ ಅನ್ನುವ ಆಟಗಾರರ ತಂಡ ಇರುತ್ತದೆ, ಎಲ್ಲರೂ ಸೇರಿ ಹೋರಾಡುವ ವಾರದ ರೇಡ್ ಇರುತ್ತದೆ, ಬರದಿದ್ದರೆ ಕೇಳುವ ಜನ ಇರುತ್ತಾರೆ. ಶುಲ್ಕ ಮತ್ತು ಸ್ನೇಹ ಎರಡೂ ಒಂದೇ ಕಡೆ ಎಳೆಯುತ್ತವೆ.

ಫೈನಲ್ ಫ್ಯಾಂಟಸಿ 14ರಲ್ಲಿ ಇನ್ನೂ ಒಂದು ಇದೆ. ಗೇಮ್ ಒಳಗೆ ಸ್ವಂತ ಮನೆ ಸಿಗುವುದೇ ಕಷ್ಟ, ಲಾಟರಿ ಎತ್ತುತ್ತಾರೆ. ಸಿಕ್ಕಿದ ಮನೆಗೆ 45 ದಿನ ಕಾಲಿಡದಿದ್ದರೆ ಅದನ್ನು ಕೆಡವುತ್ತಾರೆ. ಕಾಲಿಡಬೇಕಾದರೆ ಚಂದಾ ಚಾಲ್ತಿಯಲ್ಲಿ ಇರಬೇಕು. ಹಾಗಾಗಿ ಗೇಮ್ ಬೇಸರ ಬಂದವರೂ ತಿಂಗಳಿಗೊಮ್ಮೆ ಲಾಗಿನ್ ಆಗಿ, ಬಾಗಿಲು ತೆಗೆದು ಒಳಗೆ ಹೋಗಿ, ಹೊರಗೆ ಬಂದು ಆಫ್ ಮಾಡುತ್ತಾರೆ. ಅಷ್ಟಕ್ಕೇ ತಿಂಗಳ ದುಡ್ಡು. ಪ್ರೀತಿಯಿಂದ ಕಟ್ಟಿ ಅಲಂಕರಿಸಿದ ಮನೆಯನ್ನೇ ಒತ್ತೆ ಇಟ್ಟುಕೊಂಡ ಹಾಗಲ್ವಾ ಇದು? ನಿಯಮದ ಹಿಂದೆ ಒಂದು ಕಾರಣ ಇದೆ, ಜಾಗ ಕಡಿಮೆ, ಆಡದವರ ಮನೆ ಆಡುವವರಿಗೆ ಸಿಗಲಿ ಅಂತ. ಆದರೂ ಅದರ ಭಾರ ಬೀಳುವುದು ಬಿಡುವು ಬೇಕು ಅನ್ನುವವರ ಮೇಲೆ.

ಇದೇ ಗೇಮ್‌ನ ಒಳ್ಳೆಯ ಮುಖವನ್ನೂ ಹೇಳಬೇಕು. ಅದರ ಉಚಿತ ಟ್ರಯಲ್‌ಗೆ ದಿನದ ಮಿತಿ ಇಲ್ಲ. 2023ರಿಂದ ಲೆವೆಲ್ 70ರವರೆಗೆ, ಎರಡು ಎಕ್ಸ್‌ಪಾನ್ಷನ್ (ಆಮೇಲೆ ಬಂದ ಹೊಸ ಕಥೆಯ ಭಾಗ) ಸೇರಿ, ಒಂದು ರೂಪಾಯಿ ಕೊಡದೆ ನೂರಾರು ಗಂಟೆ ಆಡಬಹುದು. ಒಂದು ಎಚ್ಚರಿಕೆ: ಒಮ್ಮೆ ಪೂರ್ತಿ ಗೇಮ್ ಕೊಂಡರೆ ಆ ಅಕೌಂಟ್ ಮತ್ತೆ ಟ್ರಯಲ್‌ಗೆ ಹೋಗುವುದಿಲ್ಲ. ಆದ್ದರಿಂದ ಸೇಲ್ ಇದೆ ಅಂತ ಆತುರ ಪಟ್ಟು ಕೊಳ್ಳಬೇಡಿ.

ಈವ್ ಆನ್‌ಲೈನ್‌ನಲ್ಲಿ ಸ್ಕಿಲ್‌ಗಳು ನೀವು ಲಾಗಿನ್ ಆಗಿಲ್ಲದಿದ್ದರೂ ಗಡಿಯಾರದ ಜೊತೆ ಬೆಳೆಯುತ್ತಿರುತ್ತವೆ. ಚಂದಾ ನಿಲ್ಲಿಸಿದರೆ ಅಷ್ಟು ದಿನದ ಬೆಳವಣಿಗೆ ಹೋಯಿತು ಅನ್ನುವ ಸಂಕಟ. 2016ರ ನವೆಂಬರ್‌ನಿಂದ ಅದರಲ್ಲೂ ಆಲ್ಫಾ ಅಂತ ಉಚಿತ ದಾರಿ ಇದೆ. ಶುಲ್ಕದ ಹಂಗೇ ಬೇಡ ಅನ್ನುವವರಿಗೆ ಗಿಲ್ಡ್ ವಾರ್ಸ್ 2 ಇದೆ, 2012ರಿಂದ ಇವತ್ತಿನವರೆಗೂ ತಿಂಗಳ ಶುಲ್ಕ ಇಲ್ಲ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಕೂಡ 2015ರ ಮಾರ್ಚ್‌ನಲ್ಲಿ ಕಡ್ಡಾಯ ಶುಲ್ಕ ಬಿಟ್ಟಿತು. ಅದರಲ್ಲಿ ಐಚ್ಛಿಕ ಚಂದಾ ಇದೆ, ಕಟ್ಟಿದವರಿಗೆ ಗೇಮ್ ಒಳಗೆ ವಸ್ತು ತಯಾರಿಸುವ ಸಾಮಗ್ರಿ ತುಂಬಲು ಮಿತಿಯಿಲ್ಲದ ಚೀಲ ಸಿಗುತ್ತದೆ. ಆ ಚೀಲದ ರುಚಿ ಹತ್ತಿದವರಿಗೆ ಬಿಡುವುದು ಕಷ್ಟ.

ನಿಮ್ಮ ಗೇಮ್ ಯಾವುದೇ ಇರಲಿ, ಹೊಸ ಎಕ್ಸ್‌ಪಾನ್ಷನ್ ಬಂದಾಗ ಎರಡು ತಿಂಗಳು ಕಟ್ಟಿ, ಕಥೆ ಆಡಿ, ಬಿಟ್ಟು, ಮತ್ತೆ ಮುಂದಿನದಕ್ಕೆ ಬನ್ನಿ. ಗಿಲ್ಡ್‌ನವರಿಗೆ ಮೊದಲೇ ಹೇಳಿ ಹೋಗಿ. ನಿಜವಾದ ಗೆಳೆಯರು ಡಿಸ್ಕಾರ್ಡ್‌ನಲ್ಲೂ ವಾಟ್ಸ್‌ಆಪ್‌ನಲ್ಲೂ ಸಿಗುತ್ತಾರೆ.

ಬ್ಯಾಟಲ್ ಪಾಸ್ ಕೂಡ ಇದೇ ಜಾತಿಯಾ?

ಇನ್ನೂ ಜೋರು. ಬ್ಯಾಟಲ್ ಪಾಸ್ ಅಂದರೆ ಒಂದು ಸೀಸನ್‌ಗೆ ದುಡ್ಡು ಕೊಟ್ಟು, ಆಡುತ್ತಾ ಹಂತ ಹಂತವಾಗಿ ಬಹುಮಾನ ಗಳಿಸುವ ಪಾಸ್. ಬಿಜಿಎಂಐ ರಾಯಲ್ ಪಾಸ್ ತಗೊಂಡವರನ್ನು ಕೇಳಿ ನೋಡಿ. ಅವಧಿ ಮುಗಿಯುವುದರೊಳಗೆ ಮಿಷನ್ ಮುಗಿಸದಿದ್ದರೆ ದುಡ್ಡು ಕೊಟ್ಟ ಬಹುಮಾನವೇ ಕೈಗೆ ಬರುವುದಿಲ್ಲ. ಚಂದಾದಲ್ಲಿ ಕೊಟ್ಟಿದ್ದಕ್ಕೆ ಆಡಲು ಅವಕಾಶವಾದರೂ ಸಿಗುತ್ತದೆ. ಇಲ್ಲಿ ಕೊಟ್ಟಮೇಲೆ ಕೆಲಸವನ್ನೂ ಮಾಡಬೇಕು. ಕೊನೆಯ ವಾರದಲ್ಲಿ ಹುಡುಗರು ಇಷ್ಟದ ಮ್ಯಾಪ್ ಬಿಟ್ಟು, ಇಷ್ಟದ ಗನ್ ಬಿಟ್ಟು, ಮಿಷನ್ ಏನು ಹೇಳುತ್ತದೋ ಅದನ್ನೇ ಮಾಡುತ್ತಾ ಕೂತಿರುತ್ತಾರೆ.

ಬೇರೆ ದಾರಿ ಸಾಧ್ಯ ಅಂತ ಕೆಲವರು ತೋರಿಸಿದ್ದಾರೆ. ಹೇಲೋ ಇನ್ಫಿನಿಟ್‌ನಲ್ಲಿ ಕೊಂಡ ಪಾಸ್‌ಗಳಿಗೆ ಗಡುವು ಇಲ್ಲ. ಹೆಲ್‌ಡೈವರ್ಸ್ 2ರಲ್ಲಿ ವಾರ್‌ಬಾಂಡ್ ಅನ್ನುವ ಪಾಸ್‌ಗಳಿಗೂ ಇಲ್ಲ. ಈ ವರ್ಷ ಕೊಂಡು ಮುಂದಿನ ವರ್ಷ ಮುಗಿಸಿದರೂ ನಡೆಯುತ್ತದೆ. ಗಡುವು ಇರುವ ಪಾಸ್ ಬೇಕೇ ಬೇಕು ಅನಿಸಿದರೆ ಒಂದು ಸುಲಭ ಉಪಾಯ ಇದೆ. ಸೀಸನ್ ಮುಗಿಯಲು ಒಂದೆರಡು ವಾರ ಇರುವಾಗ ಕೊಳ್ಳಿ. ಬಹುತೇಕ ಗೇಮ್‌ಗಳಲ್ಲಿ ನೀವು ಆಗಲೇ ತಲುಪಿದ ಹಂತದವರೆಗಿನ ಬಹುಮಾನ ಒಟ್ಟಿಗೆ ಸಿಗುತ್ತದೆ. ಆಡಿದ್ದಕ್ಕೆ ದುಡ್ಡು ಕೊಟ್ಟ ಹಾಗಾಗುತ್ತದೆ.

ಚಂದಾ ಬಿಟ್ಟು ಕೊಂಡುಕೊಂಡರೆ ಗೇಮ್ ಶಾಶ್ವತವಾಗಿ ನನ್ನದಾ?

ಡಿಸ್ಕ್ ಕೊಂಡು ಆಫ್‌ಲೈನ್ ಆಡುವ ಗೇಮ್ ಆದರೆ ಬಹುಮಟ್ಟಿಗೆ ಹೌದು. ಮುಗಿಸಿ ಮಾರಬಹುದು, ಗೆಳೆಯನ ಡಿಸ್ಕ್‌ಗೆ ಬದಲಾಯಿಸಿಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಡಿಸ್ಕ್ ವ್ಯವಹಾರ ನಮ್ಮ ಊರುಗಳಲ್ಲಿ ಇನ್ನೂ ಜೀವಂತ ಇದೆ. ಪಿಎಸ್5 ಕೊಳ್ಳುವಾಗ ಸ್ವಲ್ಪ ಜಾಸ್ತಿ ಕೊಟ್ಟರೂ ಡಿಸ್ಕ್ ಡ್ರೈವ್ ಇರುವುದನ್ನೇ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಡಿಜಿಟಲ್ ಆಗಿ ಕೊಂಡದ್ದು ಕಾನೂನಿನ ಲೆಕ್ಕದಲ್ಲಿ ಲೈಸೆನ್ಸ್ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಆನ್‌ಲೈನ್ ಅಂಗಡಿಗಳು ಇದನ್ನು ಬಾಯಿಬಿಟ್ಟು ಹೇಳಲೇಬೇಕು. ದ ಕ್ರೂ ಅನ್ನುವ ರೇಸಿಂಗ್ ಗೇಮ್ 2014ರಲ್ಲಿ ಬಂದಿತ್ತು, ಪೂರ್ತಿ ಆನ್‌ಲೈನ್. ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು, ದುಡ್ಡು ಕೊಟ್ಟು ಕೊಂಡವರಿಗೂ ಆಡಲು ಆಗದೆ ಹೋಯಿತು. ಅದರ ಸಿಟ್ಟಿನಿಂದಲೇ ಯೂಟ್ಯೂಬರ್ ರಾಸ್ ಸ್ಕಾಟ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟದ ಮುಂದಿಟ್ಟ ಅರ್ಜಿಗೆ 2025ರಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಸಹಿ ಬಿತ್ತು. ಅದೇ ಯೂಬಿಸಾಫ್ಟ್‌ನ ಸಬ್‌ಸ್ಕ್ರಿಪ್ಷನ್ ವಿಭಾಗದ ಮುಖ್ಯಸ್ಥರು 2024ರ ಜನವರಿಯಲ್ಲಿ, ಗೇಮ್ ಸ್ವಂತಕ್ಕೆ ಇಟ್ಟುಕೊಳ್ಳದೆ ಇರುವುದು ಆಟಗಾರರಿಗೆ ಅಭ್ಯಾಸ ಆಗಬೇಕು ಅನ್ನುವ ಅರ್ಥದ ಮಾತು ಆಡಿದ್ದರು. ನನಗೆ ಅದು ಅಭ್ಯಾಸ ಆಗುವುದು ಬೇಡ.

ಜಿಒಜಿ ಅನ್ನುವ ಪಿಸಿ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್‌ನ ಇನ್‌ಸ್ಟಾಲರನ್ನೇ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಬೀಗ ಇರುವುದಿಲ್ಲ. ಇನ್ನೊಂದು ಪಿಸಿ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ದರ ಇದೆ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಮನೆಯವರೆಲ್ಲ ಸೇರಿ ಆರು ಜನರವರೆಗೆ ಲೈಬ್ರರಿ ಹಂಚಿಕೊಳ್ಳಲು ಸ್ಟೀಮ್ ಫ್ಯಾಮಿಲೀಸ್ ಇದೆ. ಎಪಿಕ್ ಸ್ಟೋರ್ ವಾರ ವಾರ ಗೇಮ್ ಉಚಿತ ಕೊಡುತ್ತದೆ. ಉಚಿತ ಅಂತ ಅದನ್ನೂ ಆಡಿಯೇ ತೀರಬೇಕು ಅನ್ನುವ ಹೊರೆಯನ್ನು ಮಾತ್ರ ಹೊರಬೇಡಿ.

ನಮ್ಮೂರಲ್ಲಿ ನೆಟ್ ನಿಧಾನ. ಡೌನ್‌ಲೋಡ್ ಆಗುವುದರಲ್ಲೇ ತಿಂಗಳು ಕಳೆಯುತ್ತದೆ.

ದೊಡ್ಡ ಊರಿನ ಗೇಮಿಂಗ್ ವಿಡಿಯೋಗಳಲ್ಲಿ ಈ ಮಾತು ಬರುವುದೇ ಇಲ್ಲ. 100 ಜಿಬಿ ಗೇಮ್, 30 ಎಂಬಿಪಿಎಸ್ ಕನೆಕ್ಷನ್, ಒಂದು ಚೂರೂ ಏರುಪೇರಾಗದೆ ಓಡಿದರೆ ಏಳೂವರೆ ಗಂಟೆ. ಕರೆಂಟು ಹೋಗುತ್ತದೆ, ಮನೆಯವರು ಸೀರಿಯಲ್ ನೋಡುತ್ತಿರುತ್ತಾರೆ, ಡೇಟಾ ಮಿತಿ ಮುಗಿದು ವೇಗ ಬೀಳುತ್ತದೆ. ಎರಡು ಮೂರು ದಿನ ಹಿಡಿಯುವುದು ಮಾಮೂಲು. ಇಷ್ಟು ಕಷ್ಟಪಟ್ಟು ಇಳಿಸಿದ ಮೇಲೆ ಅರ್ಧ ಗಂಟೆಯಲ್ಲಿ ಬೇಸರ ಬಂದರೂ ಡಿಲೀಟ್ ಮಾಡಲು ಮನಸ್ಸು ಬರುವುದಿಲ್ಲ. ದುಡ್ಡಿನ ಮೇಲೆ ಡೇಟಾದ ಒತ್ತಡವೂ ಸೇರಿಕೊಳ್ಳುತ್ತದೆ.

ಇಂಥ ಕಡೆ ಇರುವವರಿಗೆ ನೂರು ಗೇಮ್‌ನ ಪಟ್ಟಿಯಿಂದ ಉಪಯೋಗ ಕಡಿಮೆ. ಹಾಲೋ ನೈಟ್, ಹೇಡೀಸ್, ಬಲಾಟ್ರೋ ಥರ ಚಿಕ್ಕ ಗಾತ್ರದ, ತಿಂಗಳುಗಟ್ಟಲೆ ಆಡಿಸುವ ಗೇಮ್ ಕೊಂಡುಬಿಡುವುದೇ ಲೇಸು. ಚಂದಾ ಕಟ್ಟುವುದಾದರೆ ಒಂದು ಕೆಲಸ ಮಾಡಿ: ಪಟ್ಟಿಯನ್ನು ಮೊದಲೇ ನೋಡಿ ಗೇಮ್ ಆರಿಸಿಟ್ಟುಕೊಂಡು, ರಜೆ ಶುರುವಾಗುವ ದಿನ ಕಟ್ಟಿ, ಅವತ್ತೇ ರಾತ್ರಿ ಡೌನ್‌ಲೋಡ್‌ಗೆ ಹಾಕಿ ಮಲಗಿ.

ಆಟೋ ರಿನ್ಯೂವಲ್ ಆಫ್ ಮಾಡಿದರೆ ಉಳಿದ ದಿನಗಳು ಹೋಗುತ್ತವಾ?

ಪಿಎಸ್ ಪ್ಲಸ್, ಗೇಮ್ ಪಾಸ್ ಎರಡರಲ್ಲೂ ಹೋಗುವುದಿಲ್ಲ. ಕಟ್ಟಿದ ಅವಧಿ ಮುಗಿಯುವವರೆಗೆ ಆಡಬಹುದು. ಆದ್ದರಿಂದ ಕಟ್ಟಿದ ಐದು ನಿಮಿಷಕ್ಕೇ ಆಫ್ ಮಾಡಿ. ಈ ಒಂದು ಅಭ್ಯಾಸದಿಂದ ಒತ್ತಡ ಅರ್ಧ ಇಳಿಯುತ್ತದೆ. ಯಾಕೆಂದರೆ ಮುಂದಿನ ತಿಂಗಳು ಕಟ್ಟುವುದೋ ಬೇಡವೋ ಅನ್ನುವುದನ್ನು ಆಗ ನೀವೇ ತೀರ್ಮಾನ ಮಾಡಬೇಕಾಗುತ್ತದೆ, ಅದು ತಾನಾಗಿ ನಡೆದುಹೋಗುವುದಿಲ್ಲ. ಐಫೋನಿನ ಗೇಮ್ ಚಂದಾ ಆಪಲ್ ಆರ್ಕೇಡ್‌ನ ಉಚಿತ ಟ್ರಯಲ್ ಮಾತ್ರ ಬೇರೆ, ರದ್ದು ಮಾಡಿದ ಕೂಡಲೇ ನಿಲ್ಲಬಹುದು.

ನಮ್ಮ ದೇಶದಲ್ಲಿ ಈ ವಿಷಯದಲ್ಲಿ ನಿಯಮ ಚೆನ್ನಾಗಿದೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ತಾನಾಗಿ ಕಟ್ ಆಗುವ ಪಾವತಿಗೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರಬೇಕು, ಬೇಡ ಅನ್ನುವ ದಾರಿಯೂ ಇರಬೇಕು. ಆ ಮೆಸೇಜನ್ನು ಓಟಿಪಿ, ಆಫರ್‌ಗಳ ರಾಶಿಯಲ್ಲಿ ಕಳೆದುಕೊಳ್ಳಬೇಡಿ. ಯುಪಿಐ ಆಟೋಪೇ ಕೊಟ್ಟಿದ್ದರೆ ನಿಮ್ಮ ಯುಪಿಐ ಆಪ್‌ನಲ್ಲೇ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಜಾಗದಲ್ಲಿ ಎಲ್ಲ ಪಟ್ಟಿ ಕಾಣುತ್ತದೆ, ಅಲ್ಲಿಂದಲೇ ರದ್ದು ಮಾಡಬಹುದು. ಮರೆತೇ ಹೋದ ಯಾವುದೋ ಆಪ್ ಕೂಡ ಅಲ್ಲಿ ಸಿಗಬಹುದು.

ರದ್ದು ಮಾಡಲು ಬಿಡದೆ ಸತಾಯಿಸುವ ಆಪ್‌ಗಳಿಗೂ ಕಾನೂನು ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸಬ್‌ಸ್ಕ್ರಿಪ್ಷನ್ ಬಲೆ ಅದರಲ್ಲಿ ಒಂದು, ಸುಳ್ಳು ಆತುರ ಹುಟ್ಟಿಸುವುದು ಇನ್ನೊಂದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬ್ರಿಟನ್‌ನಲ್ಲಿ 2022ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಒತ್ತಿ ಕೇಳಿದ ಮೇಲೆ, ಬಹಳ ಕಾಲದಿಂದ ಆಡದೆ ಸುಮ್ನೆ ಕಟ್ಟುತ್ತಿರುವವರನ್ನು ಸಂಪರ್ಕಿಸಿ, ಆಮೇಲೂ ಬಳಸದಿದ್ದರೆ ದುಡ್ಡು ತಗೊಳ್ಳುವುದನ್ನು ನಿಲ್ಲಿಸುತ್ತೇವೆ ಅಂತ ಎಕ್ಸ್‌ಬಾಕ್ಸ್‌ನ ಕಂಪನಿ ಮೈಕ್ರೋಸಾಫ್ಟ್ ಒಪ್ಪಿತು. ಪ್ಲೇಸ್ಟೇಷನ್‌ನ ಸೋನಿಯೂ ಅಂಥದ್ದೇ ಮಾತು ಕೊಟ್ಟಿತು. ಇಂಥ ನಿಯಮ ನಮ್ಮಲ್ಲೂ ಬರಬೇಕು.

ಆನ್‌ಲೈನ್ ಗೇಮ್ ಕಾನೂನು ಬಂತಲ್ಲ, ಇನ್ನು ಚಂದಾ ಕಟ್ಟಿದರೆ ತೊಂದರೆ ಇದೆಯಾ?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ತಡೆಯುವುದು ದುಡ್ಡು ಪಣಕ್ಕಿಟ್ಟು ಗೆಲ್ಲುವ ಆಟಗಳನ್ನು. ಪಣ ಇಲ್ಲದ ಗೇಮ್‌ಗೆ ಚಂದಾ ಅಥವಾ ಪ್ರವೇಶ ಶುಲ್ಕ ತಗೊಳ್ಳಬಹುದು ಅಂತ ಅದರಲ್ಲೇ ಇದೆ.

ಮಗ ಪ್ಲೇ ಪಾಸ್ ಕೇಳುತ್ತಿದ್ದಾನೆ. ಕೊಡಿಸಬಹುದಾ?

ಕೊಡಿಸಬಹುದು. ಗೂಗಲ್ ಪ್ಲೇ ಪಾಸ್ 2022ರಲ್ಲಿ ನಮ್ಮಲ್ಲಿ ತಿಂಗಳಿಗೆ 99 ರೂಪಾಯಿಗೆ ಶುರುವಾಯಿತು, ಆಪಲ್ ಆರ್ಕೇಡ್ ಕೂಡ 2019ರಲ್ಲಿ 99ಕ್ಕೇ ಬಂತು. ಎರಡರಲ್ಲೂ ಬಹುತೇಕ ಗೇಮ್‌ಗಳಲ್ಲಿ ಜಾಹೀರಾತು ಇಲ್ಲ, ಒಳಗೆ ಮತ್ತೆ ದುಡ್ಡು ಕೇಳುವುದಿಲ್ಲ. ಜಾಹೀರಾತು ತುಂಬಿದ ಬಿಟ್ಟಿ ಗೇಮ್‌ಗಳಿಗಿಂತ ಮಕ್ಕಳಿಗೆ ಎಷ್ಟೋ ವಾಸಿ. ಒಂದೇ ಮಾತು: "ದುಡ್ಡು ಕೊಟ್ಟಿದ್ದೇನೆ, ಯಾಕೆ ಆಡುತ್ತಿಲ್ಲ?" ಅಂತ ಮಗುವನ್ನು ಕೇಳಬೇಡಿ. ಆಡುವುದು ಅವನಿಗೆ ಒಂದು ಹೋಮ್‌ವರ್ಕ್ ಆಗಿಬಿಡುತ್ತದೆ.

ಅಂದರೆ ಸಬ್‌ಸ್ಕ್ರಿಪ್ಷನ್‌ನಿಂದ ಒಳ್ಳೆಯದೇ ಇಲ್ಲ ಅಂತೀರಾ?

ಹಾಗೆ ಹೇಳಿದರೆ ಅನ್ಯಾಯ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ 'ರಾಜಿ' 2021ರ ಜುಲೈನಲ್ಲಿ ಗೇಮ್ ಪಾಸ್‌ಗೆ ಬಂತು. ಸಂತೆಯಲ್ಲಿ ತಮ್ಮನನ್ನು ಕಳೆದುಕೊಂಡ ಹುಡುಗಿ, ದುರ್ಗೆ, ವಿಷ್ಣು, ನಮ್ಮ ಕೋಟೆ ಕಮಾನುಗಳು, ಗೊಂಬೆಯಾಟದ ನೆರಳಿನಲ್ಲಿ ಹೇಳುವ ಕಥೆ. ದುಡ್ಡು ಕೊಟ್ಟು ಕೊಳ್ಳಲು ಯೋಚಿಸುತ್ತಿದ್ದ ಎಷ್ಟೋ ಜನಕ್ಕೆ ಚಂದಾದಲ್ಲಿ ಇದೆ ಅಂತ ಒಮ್ಮೆ ತೆಗೆದು ನೋಡಲು ಆಯಿತು. ಚಿಕ್ಕ ತಂಡಗಳ ಗೇಮ್‌ಗೆ ಇಂಥ ಅವಕಾಶ ದೊಡ್ಡದು. ಗೇಮ್ ಎಂಥದ್ದೋ ಅಂತ ಗೊತ್ತಿಲ್ಲದಾಗ ಚಂದಾ ಒಳ್ಳೆಯ ದಾರಿ. ಇಷ್ಟ ಆಗುತ್ತದೆ ಅಂತ ಗೊತ್ತಿರುವ ಗೇಮ್‌ಗೆ ಕೊಂಡುಕೊಳ್ಳುವುದೇ ಒಳ್ಳೆಯ ದಾರಿ. ಬಾಲ್ಡರ್ಸ್ ಗೇಟ್ 3 ಮಾಡಿದ ಲೇರಿಯನ್ ಕಂಪನಿಯ ಸ್ವೆನ್ ವಿಂಕೆ, ಎಲ್ಲವೂ ಚಂದಾದ ಕೈಗೆ ಹೋದರೆ ಯಾವ ಗೇಮ್ ಹುಟ್ಟಬೇಕು ಅನ್ನುವುದನ್ನೂ ಕೆಲವೇ ಕಂಪನಿಗಳು ತೀರ್ಮಾನ ಮಾಡುತ್ತವೆ ಅನ್ನುವ ಆತಂಕ ಹೇಳಿಕೊಂಡಿದ್ದರು. ಅದು ನನ್ನ ಆತಂಕವೂ ಹೌದು.

ಒಂದು ತಿಂಗಳು ನಿಲ್ಲಿಸಿ ನೋಡೋಣ ಅಂತಿದ್ದೇನೆ. ನನ್ನ ಸೇವ್ ಹೋಗುತ್ತದಾ?

ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್‌ಗೆ (ಕಂಪನಿಯ ಸರ್ವರ್‌ನಲ್ಲಿ ಉಳಿಯುವ ಸೇವ್) ಚಂದಾ ಬೇಕಿಲ್ಲ, ಮತ್ತೆ ಕಟ್ಟಿದಾಗ ಬಿಟ್ಟಲ್ಲಿಂದ ಆಡಬಹುದು. ಪ್ಲೇಸ್ಟೇಷನ್‌ನಲ್ಲಿ ಕ್ಲೌಡ್ ಸೇವ್ ಪ್ಲಸ್‌ನ ಜೊತೆ ಬರುತ್ತದೆ. ಕನ್ಸೋಲ್ ಒಳಗಿನ ಸೇವ್ ಮಾತ್ರ ಅಲ್ಲೇ ಇರುತ್ತದೆ, ಗೇಮ್ ಡಿಲೀಟ್ ಮಾಡಿದರೂ ಸೇವ್ ಬೇರೆಯಾಗಿ ಉಳಿಯುತ್ತದೆ. ಪಿಎಸ್4 ಇದ್ದರೆ ನಿಲ್ಲಿಸುವ ಮುಂಚೆ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಪಿಎಸ್5 ಗೇಮ್‌ಗಳ ಸೇವನ್ನು ಹಾಗೆ ಪೆನ್‌ಡ್ರೈವ್‌ಗೆ ಹಾಕಲು ಬರುವುದಿಲ್ಲ, ಹಾಗಾಗಿ ಅವಧಿ ಮುಗಿಯುವ ಮುಂಚೆ ಕ್ಲೌಡ್‌ನಲ್ಲಿ ಮಾತ್ರ ಇರುವುದನ್ನೆಲ್ಲ ಕನ್ಸೋಲ್‌ಗೆ ಇಳಿಸಿಕೊಂಡು, ಆಮೇಲೆ ನಿಶ್ಚಿಂತೆಯಿಂದ ನಿಲ್ಲಿಸಿ.